ತಿಕ್ಕಿದರೂ ಅಳಿಯದ ಬಿಲ್ಲೆ

ಅದು ನಿಜಾಮರ ಆಳ್ವಿಕೆಯ ಕಾಲ. ಬೀದರಿನ ಚೌಬಾರ ಗೋಪುರದ ಹತ್ತಿರ ಒಂದು ಪಾತ್ರೆ ಅಂಗಡಿಯಿತ್ತು. ಅದರ ಕಟ್ಟೆಯ ಮೇಲೆ ಗೋಣಿತಟ್ಟು ಹಾಸಿಕೊಂಡು, ಮಂಡಿಗಳ ನಡುವೆ ಕೊಡವನ್ನೋ ತಂಬಿಗೆಯನ್ನೋ ಸಿಕ್ಕಿಸಿಕೊಂಡು ಹಾವಗೆಪ್ಪ ಕೂತಿರುತ್ತಿದ್ದ. ಅಂಗಡಿ ಅವನದಲ್ಲ. ಒಳಗೆ ಪಾತ್ರೆ ಕೊಂಡವರು ಹೊರಗೆ ಬಂದು ಅವನ ಮುಂದೆ ಇಡುತ್ತಿದ್ದರು. ಅವನು ಉಳಿ ಹಿಡಿದು ಅದರ ಮೇಲೆ ಹೆಸರು ಹೊಡೆದು ಕೊಡುತ್ತಿದ್ದ. ಮದುವೆಯ ಪಾತ್ರೆಯಾದರೆ ತವರಿನವರ ಹೆಸರು, ಮಠಕ್ಕೆ ಕೊಡುವುದಾದರೆ ದಾನಿಯ ಹೆಸರು. ಕನ್ನಡ, ಮರಾಠಿ, ಉರ್ದು ಮೂರೂ ಅವನ ಉಳಿಗೆ ಬರುತ್ತಿದ್ದವು.

ಹಾವಗೆಪ್ಪನಿಗೆ ಸಂಕೋಚವೆಂಬುದು ಇರಲಿಲ್ಲ. ಪಾತ್ರೆ ತಿರುಗಿಸಿ ಕೊಡುವಾಗ ಪ್ರತಿಯೊಬ್ಬರಿಗೂ ಅದೇ ಮಾತು ಹೇಳುತ್ತಿದ್ದ.

“ಪಾತ್ರಿ ತೂತ ಬಿದ್ದೀತು, ಹಾವಗೆಪ್ಪ ಹೊಡೆದ ಹೆಸರು ಅಳಿಯಂಗಿಲ್ಲ. ಎಷ್ಟ ತಿಕ್ಕತೀರಿ ತಿಕ್ಕರಿ.”

ಮಾತು ಸುಳ್ಳಾಗಿರಲಿಲ್ಲ. ಅವನ ಅಪ್ಪ ಹೊಡೆದ ಹೆಸರುಗಳು ಬೀದರಿನ ಎಷ್ಟೋ ಅಡುಗೆಮನೆಗಳಲ್ಲಿ ಇನ್ನೂ ಓದಲು ಬರುತ್ತಿದ್ದವು. ಹೆಸರು ಹಾಕಿಸಿದ ಅಜ್ಜಿ ಹೋಗಿ, ಪಾತ್ರೆ ಮೊಮ್ಮಗಳ ಪಾಲಿಗೆ ಬಂದಿದ್ದರೂ ಅಕ್ಷರ ಅಲ್ಲೇ ಇತ್ತು. ಊರಿನವರು ಅವನನ್ನು ‘ಅಳಿಯದ ಹಾವಗೆಪ್ಪ’ ಎಂದೇ ಕರೆಯುತ್ತಿದ್ದರು. ಹಾಗೆ ಕರೆದಾಗ ಅವನು ಮೀಸೆಯ ಮೇಲೆ ಕೈಯಾಡಿಸುತ್ತಿದ್ದ.

ಒಂದು ಬೇಸಿಗೆಯಲ್ಲಿ ಸಲೋತ್ರಿ ಗೌಸುದ್ದೀನ ಸಾಹೇಬರು ಕಟ್ಟೆಯ ಹತ್ತಿರ ಕುದುರೆ ನಿಲ್ಲಿಸಿದರು. ದನದ ವೈದ್ಯರಿಗೆ ಆಗ ಸಲೋತ್ರಿ ಎನ್ನುತ್ತಿದ್ದರು. ಹಿಂದಿನ ಎರಡು ವರ್ಷ ದೊಡ್ಡಬ್ಯಾನಿ ಎಂಬ ದನದ ರೋಗ ಬಂದು ಭಾಲ್ಕಿ, ಔರಾದ ಕಡೆಯ ಕೊಟ್ಟಿಗೆಗಳು ಬರಿದಾಗಿದ್ದವು. ಉಳಿದ ದನಗಳಿಗೆ ಸಾಹೇಬರು ಊರೂರು ತಿರುಗಿ ಸೂಜಿ ಹಾಕುತ್ತಿದ್ದರು. ಆದರೆ ಸೂಜಿ ಬಿದ್ದದ್ದು ಯಾವುದು, ಬೀಳದ್ದು ಯಾವುದು ಎಂದು ಮರುವರ್ಷ ತಿಳಿಯುವುದು ಹೇಗೆ? ಆ ಸೀಮೆಯ ದೇವಣಿ ದನಗಳೆಲ್ಲ ಒಂದೇ ತೆರ: ಬಿಳಿ ಮೈ, ಕರಿ ಮಚ್ಚೆ, ಜೋಲುಗಿವಿ. ಹಾಗಾಗಿ ಸೂಜಿ ಬಿದ್ದ ದನದ ಕಿವಿಗೆ ನಂಬರಿನ ಬಿಲ್ಲೆ ಹಾಕುವುದೆಂದು ಠರಾವಾಗಿತ್ತು. ಬೇನೆಯ ಸುದ್ದಿ ಬಂದ ದಿನಗಳಲ್ಲಿ ಬಿಲ್ಲೆಯ ದನಗಳಿಗೆ ಮಾತ್ರ ಸಂತೆಯೊಳಗೆ ಪ್ರವೇಶ. ಬಿಲ್ಲೆ ಇಲ್ಲದವು ಹಳ್ಳದ ಆಚೆ ದಂಡೆಯಲ್ಲೇ ನಿಲ್ಲಬೇಕು.

“ಓದಾಕ ಬರಬೇಕು, ಹಾವಗೆಪ್ಪ. ಅಷ್ಟೇ ನನ್ನ ಮಾತು,” ಎಂದರು ಸಾಹೇಬರು.

“ಸಾಹೇಬ್ರ, ನನ್ನ ಮುಂದ ಈ ಮಾತ ಆಡೋದಾ?” ಎಂದು ಹಾವಗೆಪ್ಪ ನಕ್ಕ.

ಅವನು ಕೆಲಸವನ್ನು ಲೆಕ್ಕ ಹಾಕಿಯೇ ಮಾಡಿದ. ಭಾರವಾದರೆ ಕಿವಿ ಹರಿಯುತ್ತದೆಂದು ತೆಳುವಾದ ಹಿತ್ತಾಳೆ ತಗಡು ಆರಿಸಿದ. ತೆಳು ತಗಡಿನಲ್ಲಿ ಆಳವಾಗಿ ಕೊರೆಯಲು ಬಾರದು, ಉಳಿ ಆಚೆಗೆ ತೂರಿಬಿಡುತ್ತದೆ. ಅದಕ್ಕೆಂದು ಹಗುರಾಗಿ ಕೊರೆದು, ಗೆರೆಯೊಳಗೆ ಕಾಡಿಗೆ ಬೆರೆಸಿದ ಅರಗು ತುಂಬಿದ. ಬಂಗಾರದಂಥ ತಗಡಿನ ಮೇಲೆ ಕಪ್ಪು ಅಂಕಿ ಎದ್ದು ಕಂಡಿತು. ಅಂಕಿಗಳು ಉರ್ದುವಿನವು. ಅದರಲ್ಲಿ ಏಳು ತಲೆಕೆಳಗಾದರೆ ಎಂಟಾಗುತ್ತದೆ. ಬಿಲ್ಲೆ ಕಳಚಿ ಕೈಗೆ ಬಂದರೂ ತಲೆ ಯಾವುದೆಂದು ತಿಳಿಯಲಿ ಎಂದು ಮೇಲಿನ ಮೂಲೆ ಕತ್ತರಿಸಿದ. ಸೊನ್ನೆ ಎಂದರೆ ಬರೀ ಚುಕ್ಕೆ. ಅದು ಕೊಳೆಯಲ್ಲಿ ಕಳೆದುಹೋಗದಿರಲಿ ಎಂದು ಜೋಳದ ಕಾಳಿನಷ್ಟು ದಪ್ಪ ಮಾಡಿದ. ಸಾಹೇಬರು ಮೆಚ್ಚಿ ಬೆನ್ನು ತಟ್ಟಿದರು.

ಮರುವರ್ಷ ಅದೇ ಸಾಹೇಬರು ಬಂದು, ಕುದುರೆ ಇಳಿಯುವ ಮೊದಲೇ ಒಂದು ಬಿಲ್ಲೆಯನ್ನು ಅವನ ಮುಂದೆ ಎಸೆದರು. ಅದು ಕಟ್ಟೆಯ ಕಲ್ಲಿನ ಮೇಲೆ ಟಣ್ ಎಂದಿತು.

“ಓದು.”

ಹಾವಗೆಪ್ಪ ಎತ್ತಿಕೊಂಡ. ಈ ಕಡೆ ತಿರುಗಿಸಿದ, ಆ ಕಡೆ ತಿರುಗಿಸಿದ. ಅದರಲ್ಲಿ ಅವನ ಮುಖ ಕಾಣುತ್ತಿತ್ತು. ನಂಬರು ಕಾಣುತ್ತಿರಲಿಲ್ಲ.

“ಭಾಲ್ಕಿ ಸಂತ್ಯಾಗ ಇಂಥಾವ ಸಾಲಿಗೆ ಸಾಲು ಸಿಕ್ಕಾವ. ಮೆಹಕರದ ಎತ್ತುಗಳನ್ನ ಪೂರಾ ಹಳ್ಳದ ಆಚಿ ನಿಂದರಿಸಿ ಬಂದೇನಿ. ರೈತರು ನನಗ ಬೈದರು, ನಾ ಯಾರಿಗೆ ಬೈಯಲಿ?” ಸಾಹೇಬರ ದನಿ ಏರಲಿಲ್ಲ, ಅದೇ ಹಾವಗೆಪ್ಪನಿಗೆ ಹೆಚ್ಚು ಚುಚ್ಚಿತು. “ದಸರಾ ತನಕ ನೋಡ್ತೇನಿ. ಆಮ್ಯಾಲ ಹೈದರಾಬಾದಿನಿಂದ ಮಶಿನ್ನಿನ ಬಿಲ್ಲಿ ತರಸ್ತೇನಿ.”

ಚೌಬಾರದ ಸುತ್ತ ಸುದ್ದಿ ಹರಡಲು ಹೊತ್ತು ಬೇಕಾಗಲಿಲ್ಲ. ಮರುದಿನವೇ ಖುರ್ಷಿದ ಬೇಗಂ ಎಂಬ ಹಳೆಯ ಗಿರಾಕಿ ತಂಬಿಗೆಗೆ ಹೆಸರು ಹೊಡೆಸಿಕೊಂಡು, “ಹಾವಗೆಪ್ಪಾ, ಮನಿ ಮುಟ್ಟೋ ತನಕ ಇರ್ತದಲ್ಲಪಾ?” ಎಂದು ಕೇಳಿದಳು. ಸುತ್ತಲಿನವರು ನಕ್ಕರು. ಹಾವಗೆಪ್ಪ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಮನೆಗೆ ಹೋಗಿ ಹೆಂಡತಿ ಈರಮ್ಮನಿಗೆ ಬುತ್ತಿ ಕಟ್ಟಲು ಹೇಳಿದ.

“ಎಲ್ಲಿಗ್ರಿ?”

“ದನದ ಕಿವಿ ನೋಡಾಕ.”

ಮೊದಲು ಔರಾದಕ್ಕೆ ಹೋದ. ಅಲ್ಲಿ ಊರ ಆಕಳು ಮೇಯಿಸುವ ಮಾಣಿಕ ಎಂಬವನು ಅವನನ್ನು ಕುರುಚಲು ಕಾಡಿಗೆ ಕರೆದೊಯ್ದ. ಆಕಳುಗಳ ಕಿವಿಯ ಬಿಲ್ಲೆಗಳು ಹಸಿರು ಕಿಲುಬು ಹಿಡಿದಿದ್ದವು, ಮುಳ್ಳು ಗೀರಿದ ಗುರುತುಗಳಿದ್ದವು, ಸಗಣಿ ಒಣಗಿ ಅಂಟಿತ್ತು. ಹಾವಗೆಪ್ಪ ಹೆಬ್ಬೆರಳಿಗೆ ಉಗುಳು ಹಚ್ಚಿ ಒಂದನ್ನು ಒರೆಸಿದ. ನಂಬರು ಇತ್ತು. ಇನ್ನೊಂದನ್ನು ಒರೆಸಿದ. ಅಲ್ಲೂ ಇತ್ತು.

“ನಮ್ಮ ಆಕಳ ಬಾರಿಮುಳ್ಳಿನ ಕಂಟ್ಯಾಗ ತಲಿ ಹಾಕತಾವ್ರಿ, ಕೆಸರಾಗ ಹೊರಳತಾವ. ಆದರೂ ನಿಮ್ಮ ನಂಬರ ಗಟ್ಟಿ ಅದರಿ,” ಎಂದ ಮಾಣಿಕ.

ಹಾವಗೆಪ್ಪನ ಎದೆ ಉಬ್ಬಿತು, ತಲೆ ಮಾತ್ರ ಕೆಟ್ಟಿತು. ಒಂದೇ ತಗಡು, ಒಂದೇ ಉಳಿ, ಒಂದೇ ಅರಗು. ಮುಳ್ಳಿನಲ್ಲಿ ಉಳಿದದ್ದು ಮೆಹಕರದಲ್ಲಿ ಯಾಕೆ ಹೋಯಿತು?

ಮೆಹಕರ ಭಾಲ್ಕಿಯ ಆಚೆ. ಈರಮ್ಮನ ಅಕ್ಕ ಸುಮಿತ್ರಾಬಾಯಿಯನ್ನು ಅಲ್ಲಿನ ಒಕ್ಕಲಿಗ ಮಡೆಪ್ಪನಿಗೆ ಕೊಟ್ಟಿತ್ತು. ಹಾವಗೆಪ್ಪ ಅವರ ಮನೆ ಮುಟ್ಟಿದ್ದು ಭಾನುವಾರ ಇಳಿಹೊತ್ತು. ಕಾಲಿಗೆ ನೀರು ಕೊಡುವ ಮೊದಲೇ ಕೊಟ್ಟಿಗೆಗೆ ನುಗ್ಗಿ ಮಡೆಪ್ಪನ ಎತ್ತುಗಳಾದ ಹಂಡ್ಯಾ, ಕರಿಯಾ ಎರಡರ ಕಿವಿಯನ್ನೂ ಹಿಡಿದು ನೋಡಿದ. ಬಿಲ್ಲೆಗಳು ಫಳಫಳ ಹೊಳೆಯುತ್ತಿದ್ದವು. ನಂಬರಿನ ಸುಳಿವೂ ಇರಲಿಲ್ಲ.

“ಇವು ನನ್ನ ಬಿಲ್ಲಿ ಅಲ್ಲ,” ಎಂದುಬಿಟ್ಟ ಹಾವಗೆಪ್ಪ. “ಯಾರೋ ನಕಲಿ ಮಾಡಿ ಹಾಕ್ಯಾರ. ಮಡೆಪ್ಪಣ್ಣ, ಖರೆ ಹೇಳರಿ, ನಂಬರಿನ ಬಿಲ್ಲಿ ಯಾರಿಗೆ ಕೊಟ್ಟೀರಿ?”

ತಂಬಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ಸುಮಿತ್ರಾಬಾಯಿ ಸುಮ್ಮನಿರುವ ಹೆಣ್ಣಲ್ಲ.

“ಬಂದ ಕೂಡ್ಲೆ ಕಳ್ಳತನ ಹೊರಸ್ತೀಯೇನೋ ಹಾವಗೆಪ್ಪಾ? ಮೂಲ್ಯಾಗ ಕತ್ತರಿಸಿದ್ದು ಕಣ್ಣಿಗೆ ಕಾಣಂಗಿಲ್ಲೇನು? ನಿನ್ನ ಹೊರತು ಯಾವ ಹುಚ್ಚ ಹಂಗ ಕತ್ತರಸ್ತಾನ?”

ಕತ್ತರಿಸಿದ ಮೂಲೆ ಅಲ್ಲೇ ಇತ್ತು. ಹಾವಗೆಪ್ಪ ತಂಬಿಗೆ ಇಸಿದುಕೊಂಡು ಕಾಲು ತೊಳೆದುಕೊಂಡ.

ಬೆಳಗಾದರೆ ಸೋಮವಾರ. ಬಸವಣ್ಣನ ವಾರ. ಅಂದು ಆ ಸೀಮೆಯಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮಡೆಪ್ಪ ಎತ್ತುಗಳನ್ನು ಬಾವಿಯ ಹತ್ತಿರ ಹಿಡಿದುಕೊಂಡು ಬಂದು ಮೈ ತೊಳೆದ. ಓಣಿಯ ಎತ್ತುಗಳೆಲ್ಲ ಅಲ್ಲಿದ್ದವು. ಆಮೇಲೆ ಹೆಂಗಸರು ಬಂದರು. ಸುಮಿತ್ರಾಬಾಯಿಯ ಬುಟ್ಟಿಯಲ್ಲಿ ವಿಭೂತಿ, ಹೂವು, ಎಣ್ಣೆಯ ಜೊತೆಗೆ ಹುಣಸೆಹಣ್ಣು, ಬೂದಿ, ಇಟ್ಟಂಗಿ ಪುಡಿ ಇದ್ದವು. ಅವಳು ಹಂಡ್ಯಾನ ಹಣೆಗೆ ವಿಭೂತಿ ಹಚ್ಚಿ ಕೈಮುಗಿದಳು. ಬಳಿಕ ಅವನ ಜೋಲುಗಿವಿಯನ್ನು ಅಂಗೈಯಲ್ಲಿ ಇಟ್ಟುಕೊಂಡು, ಬಿಲ್ಲೆಯನ್ನು ಎರಡು ಬೆರಳಿನಲ್ಲಿ ಹಿಡಿದು, ಹುಣಸೆಹಣ್ಣು ಇಟ್ಟಂಗಿ ಪುಡಿಯಲ್ಲಿ ಅದ್ದಿ ತಿಕ್ಕತೊಡಗಿದಳು. ತಿಕ್ಕಿದಳು, ತೊಳೆದಳು, ಬಿಸಿಲಿಗೆ ಹಿಡಿದು ನೋಡಿದಳು, ಮತ್ತೆ ತಿಕ್ಕಿದಳು. ಹಂಡ್ಯಾ ಸುಖಕ್ಕೆ ಕಣ್ಣು ಮುಚ್ಚಿ ನಿಂತಿದ್ದ.

“ಸುಮಿತ್ರಕ್ಕಾ, ನಮ್ಮ ಎತ್ತಿಂದು ನೋಡರಿ ಈಗ, ಸೂರ್ಯಾ ನಾಚಬೇಕು!” ಎಂದು ಆಚೆಯಿಂದ ಅದೇ ಓಣಿಯ ಕೇಶರಬಾಯಿ ಕೂಗಿದಳು.

“ನಿಮ್ಮ ಸೂರ್ಯಾ ಮುಳಗೋ ತನಕ ನಾ ತಿಕ್ಕತೇನಿ ತಡೀವಾ!”

ಜೊತೆಗೆ ಬಂದಿದ್ದ ಹಾವಗೆಪ್ಪ ಬಾವಿಯ ಕಟ್ಟೆ ಇಳಿದು ಬಂದ.

“ಅಕ್ಕಾ, ವಾರಾ ವಾರಾ ಹಿಂಗ ತಿಕ್ಕತೀರೇನ್ರಿ?”

“ಮತ್ತ? ಬಸವಣ್ಣನ ಕಿವ್ಯಾಗಿನ ಒಡವಿ ಕಿಲುಬು ಹಿಡಿದರ ನಮ್ಮನ್ನ ಹೆಂಗಸರು ಅಂತಾರೇನು?”

“ನಂಬರ ಹೋತಲ್ಲರಿ!”

ಸುಮಿತ್ರಾಬಾಯಿ ಕೈ ನಿಲ್ಲಿಸಿ ಅವನ ಕಡೆ ತಿರುಗಿದಳು. “ಎಷ್ಟ ತಿಕ್ಕತೀರಿ ತಿಕ್ಕರಿ ಅಂತ ಅಂದಾಂವ ಯಾರು? ನಮ್ಮ ಮದವಿ ಕೊಡಕ್ಕ ಹೆಸರು ಹೊಡದು ಕೊಡಬೇಕಾದರ ಈ ಬಾಯಿಲೇನೇ ಅಂದಿದ್ದಿ. ಇದೂ ಹಿತ್ತಾಳಿ, ನೀನೇ ಹೊಡದದ್ದು. ಹಾವಗೆಪ್ಪನ ಅಕ್ಷರ ಹೋಗಂಗಿಲ್ಲ ಅಂತ ಊರಿಗೆಲ್ಲಾ ನಾನೇ ಹೇಳೇನಿ. ಇನ್ನಷ್ಟ ಜೋರ ತಿಕ್ಕರಿ ಅಂದೇನಿ.”

ಈಗ ಹಾವಗೆಪ್ಪನಿಗೆ ಲೆಕ್ಕ ತಿಳಿಯಿತು. ಔರಾದದ ಆಕಳಿಗೆ ಸೋಮವಾರದ ಪೂಜೆಯಿಲ್ಲ. ಅದರ ಬಿಲ್ಲೆ ಉಳಿದಿತ್ತು. ಮೆಹಕರದ ಎತ್ತಿಗೆ ಇತ್ತು, ಅದರದು ಅಳಿದಿತ್ತು. ಹುಣಸೆಯ ಹುಳಿಯಿಂದ ಅರಗಿಗೆ ಏನೂ ಆಗದು. ಆದರೆ ಇಟ್ಟಂಗಿ ಪುಡಿ ಅರಗನ್ನು ಕೆರೆದು ತೆಗೆಯುತ್ತದೆ, ಆಮೇಲೆ ಹಗುರಾದ ಗೆರೆಯನ್ನೂ ಸವೆಸುತ್ತದೆ. ಕೊಡಕ್ಕೆ ದಪ್ಪ ಮೈ, ಅಕ್ಷರ ಆಳ. ಕೈಯ ಒತ್ತು ಇಡೀ ಹೊಟ್ಟೆಗೆ ಹರಡುತ್ತದೆ. ಬೆರಳಗಲದ ಬಿಲ್ಲೆಗೆ ಪೂರಾ ಒತ್ತು ಒಂದೇ ಕಡೆ. ಕೊಡಕ್ಕೆ ಹೇಳುವ ಮಾತನ್ನು ಬಿಲ್ಲೆಗೂ ಕೊಟ್ಟವನು ಅವನೇ.

ಬೀದರಿಗೆ ಮರಳುವ ದಾರಿಯಲ್ಲಿ ಭಾಲ್ಕಿಯಲ್ಲಿ ಗೌಸುದ್ದೀನ ಸಾಹೇಬರು ಸಿಕ್ಕರು. ಹಾವಗೆಪ್ಪ ಇದ್ದದ್ದನ್ನು ಇದ್ದಹಾಗೆ ಹೇಳಿದ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಇಷ್ಟೇನಾ! ನಾಳೆನೇ ಡಂಗುರಾ ಹೊಡಸ್ತೇನಿ. ಬಿಲ್ಲಿ ತಿಕ್ಕಿದರ ದಂಡ ಅಂತ.”

“ಬ್ಯಾಡ್ರಿ ಸಾಹೇಬ್ರ,” ಎಂದ ಹಾವಗೆಪ್ಪ. “ನಿಮ್ಮ ಡಂಗುರಾ ಕೇಳಿ ಅವರು ಎತ್ತಿನ ಕಿವ್ಯಾಗಿಂದ ಬಿಲ್ಲೀನೇ ಕಳಚಿ ಒಗೀತಾರ. ಕಿಲುಬು ಹಿಡಿದದ್ದು ಬಸವಣ್ಣಗ ಹಾಕೋ ಮಂದಿ ಅಲ್ಲ ಅವರು. ತಿಕ್ಕಲಿ. ತಿಕ್ಕಿದರೂ ಇರೋ ಹಂಗ ಮಾಡೋದು ನನ್ನ ಕೆಲಸ.”

ಹೇಳುವುದು ಹೇಳಿದ. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ. ಮನೆಯಲ್ಲಿ ಅವನು ಪಾತ್ರೆಗಳ ಮುಂದೆ ಕೂತು ಒಂದೊಂದನ್ನೇ ತಿರುವಿ ನೋಡಿದ. ಈರಮ್ಮ ತವರಿನಿಂದ ತಂದ ಒಂದು ಹಳೆಯ ಚರಿಗೆಯಿತ್ತು. ಅದರ ಕೊರಳ ಸುತ್ತ ಕಮಲದ ಹೂವಿನ ಉಬ್ಬುಕೆಲಸ. ಈರಮ್ಮನ ಅಜ್ಜಿ ತಿಕ್ಕಿದ್ದಳು, ತಾಯಿ ತಿಕ್ಕಿದ್ದಳು, ಈಗ ಈರಮ್ಮ ದಿನಾ ತಿಕ್ಕುತ್ತಿದ್ದಳು. ಎಸಳುಗಳ ನೆತ್ತಿ ಹೊಳೆಯುತ್ತಿತ್ತು. ಎಸಳು ಎಸಳಿನ ನಡುವಿನ ತಗ್ಗಿಗೆ ಬೆರಳು ಮುಟ್ಟದೆ, ಹಳೆಯ ಬೂದಿ ಹುಣಸೆ ಕೂತು ಕಪ್ಪಾಗಿತ್ತು. ತಿಕ್ಕಿದಷ್ಟೂ ಹೊಳಪು ಹೊಳಪಿಗೆ, ಕಪ್ಪು ಕಪ್ಪಿಗೆ. ಹೂವು ಆ ಕಡೆ ಗೋಡೆಯಿಂದಲೂ ಕಾಣುತ್ತಿತ್ತು.

“ಈರವ್ವಾ, ನಿಮ್ಮ ಅಜ್ಜಿ ಭಾಳ ಶಾಣ್ಯಾಕಿ!” ಎಂದು ಹಾವಗೆಪ್ಪ ಕೂಗಿಕೊಂಡ.

“ಇವತ್ತ ಗೊತ್ತಾತೇನ್ರಿ?” ಎಂದಳು ಈರಮ್ಮ ಒಲೆಯ ಮುಂದಿನಿಂದ.

ಅಂಕಿಯನ್ನು ಮುಂದಿನಿಂದ ಕೊರೆಯುವುದಲ್ಲ, ಹಿಂದಿನಿಂದ ಉಬ್ಬಿಸುವುದು. ಸೀಸದ ಹಲಗೆಯ ಮೇಲೆ ತಗಡು ಬೋರಲು ಹಾಕಿ ಮೊಂಡ ಉಳಿಯಿಂದ ಹೊಡೆದ. ತಿರುಗಿಸಿ ನೋಡಿದರೆ ಅಂಕಿ ಕನ್ನಡಿಯೊಳಗಿನ ಹಾಗೆ ಹಿಂದುಮುಂದಾಗಿತ್ತು. ಉರ್ದುವಿನ ಎರಡು ಹಾಗೆ ತಿರುಗಿದರೆ ಆರರ ಹಾಗೆ ಕಾಣುತ್ತದೆ. ಇಷ್ಟು ವರ್ಷ ಮೂರು ಲಿಪಿ ಹೊಡೆದ ಕೈಗೆ ಈಗ ಉಲ್ಟಾ ಬರೆಯುವ ಪಾಠ ಶುರುವಾಯಿತು. ಹೊಡೆದದ್ದು ಸರಿಯೋ ಎಂದು ನೋಡಲು ತಗಡಿನ ಬೆನ್ನನ್ನು ಈರಮ್ಮ ನಾದಿಟ್ಟ ಜೋಳದ ಹಿಟ್ಟಿಗೆ ಒತ್ತುತ್ತಿದ್ದ. ಬೆನ್ನ ಮೇಲೆ ಉಲ್ಟಾ ಇದ್ದ ಅಂಕಿ ಹಿಟ್ಟಿನಲ್ಲಿ ಸುಲ್ಟಾ ಮೂಡುತ್ತಿತ್ತು.

“ಬ್ಯಾನಿ ರೊಟ್ಟಿಗೂ ಬಂದದೇನ್ರಿ? ಇದಕ್ಕೂ ನಂಬರ ಬಿತ್ತಲ್ಲ!” ಎಂದು ಈರಮ್ಮ ನಗುತ್ತ ರೊಟ್ಟಿ ಬಡಿದಳು.

ಸಾಹೇಬರಿಂದ ನಂಬರು ಪಡೆದು ಹೊಡೆದ ಮೊದಲ ಉಬ್ಬು ಬಿಲ್ಲೆಯನ್ನು ಮೆಹಕರಕ್ಕೆ ಒಯ್ದು ಹಂಡ್ಯಾನ ಕಿವಿಗೆ ಹಾಕಿದ. ಕಾರಹುಣ್ಣಿಮೆ ಹತ್ತಿರದಲ್ಲಿತ್ತು. ಹಬ್ಬಕ್ಕೆ ಹೋಗಿ ನೋಡಿದರೆ ಬಿಲ್ಲೆ ಚಪ್ಪಟೆಯಾಗಿತ್ತು. ಈ ಸಲ ಸುಮಿತ್ರಾಬಾಯಿಯ ತಪ್ಪಿರಲಿಲ್ಲ. ಹಂಡ್ಯಾ ಗೂಟಕ್ಕೆ ಕಿವಿ ಉಜ್ಜುವಾಗ, ಒಳಗೆ ಪೊಳ್ಳಾದ ಉಬ್ಬು ತಗ್ಗಿಹೋಗಿತ್ತು.

“ನಾ ಅಲ್ಲಪಾ, ಅಂವ!” ಎಂದು ಅವಳು ಎತ್ತಿನ ಕಡೆ ಬೆರಳು ತೋರಿಸಿದಳು.

ಹಾವಗೆಪ್ಪ ಮರಳಿ ಸೀಸದ ಹಲಗೆಯ ಮುಂದೆ ಕೂತ. ಪೊಳ್ಳು ಆಭರಣದೊಳಗೆ ಅಕ್ಕಸಾಲಿಗರು ಅರಗು ತುಂಬುವುದನ್ನು ಅವನು ನೋಡಿದ್ದ. ಅರಗಿಗೆ ಇಟ್ಟಂಗಿ ಪುಡಿ ಕಲಸಿ ಕಾಯಿಸಿ ಉಬ್ಬಿನ ಬೆನ್ನಿಗೆ ತುಂಬಿದ. ಅಂಕಿ ಅಳಿಸಿದ ಪುಡಿಯೇ ಈಗ ಅಂಕಿಯ ಬೆನ್ನೆಲುಬಾಯಿತು. ಅರಗು ಉದುರದ ಹಾಗೆ, ಮೊದಲಿಗಿಂತ ತೆಳುವಾದ ಉದ್ದ ತಗಡು ತೆಗೆದುಕೊಂಡು ನಡುವೆ ಮಡಚಿ ಅಂಚು ಬಡಿದು ಮುಚ್ಚಿದ. ಮಡಿಕೆಯಲ್ಲಿ ಉಂಗುರ ಕೂತಿತು. ಕೈಯಲ್ಲಿ ತೂಗಿ ನೋಡಿದರೆ ಹಳೆಯದಕ್ಕಿಂತ ಭಾರವೇನೂ ಅನ್ನಿಸಲಿಲ್ಲ. ಉಳಿಯ ಹಿಡಿಕೆಯಿಂದ ಕುಟ್ಟಿದ; ಅಂಕಿ ಅಲುಗಲಿಲ್ಲ.

ಆ ಬಿಲ್ಲೆಯನ್ನು ಹಾಕುವಾಗ ಅವನು ಸುಮಿತ್ರಾಬಾಯಿಗೆ ಕೈಮುಗಿದ.

“ಅಕ್ಕಾ, ಒಂದು ಬೇಡಕೋತೇನ್ರಿ. ನನ್ನ ಮ್ಯಾಲ ಕರುಣಾ ತೋರಸಬ್ಯಾಡ್ರಿ. ನಿಮ್ಮ ಕೈಯಾಗ ಇರೋ ಶಕ್ತಿಯೆಲ್ಲಾ ಹಾಕಿ ತಿಕ್ಕರಿ.”

“ಅದನ್ನ ನೀ ಹೇಳಬೇಕೇನೋ?” ಎಂದಳು ಅವಳು, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ.

ಮಳೆಗಾಲ ಪೂರ್ತಿ ಸೋಮವಾರ ಸೋಮವಾರ ಅವಳು ತಿಕ್ಕಿದಳು. ಕೇಶರಬಾಯಿಗೂ ಒಂದು ಹೊಸ ಬಿಲ್ಲೆ ಸಿಕ್ಕಿತ್ತು, ಅವಳೂ ಬಿಡಲಿಲ್ಲ. ಹಾವಗೆಪ್ಪ ಮೆಹಕರಕ್ಕೆ ಹೋಗಲಿಲ್ಲ. ಹೋಗಿ ನೋಡುವ ಧೈರ್ಯ ಇರಲಿಲ್ಲ ಎಂದು ಈರಮ್ಮ ಆಮೇಲೆ ಎಷ್ಟೋ ಜನಕ್ಕೆ ಹೇಳಿದ್ದಾಳೆ. ಕಟ್ಟೆಯ ಮೇಲೆ ಹೆಸರು ಹೊಡೆದು ಕೊಡುವಾಗ ಆ ತಿಂಗಳುಗಳಲ್ಲಿ ಅವನು ತನ್ನ ಹಳೆಯ ಮಾತನ್ನು ಒಮ್ಮೆಯೂ ಆಡಲಿಲ್ಲ.

ದಸರೆ ಕಳೆದ ಮೇಲಿನ ಭಾಲ್ಕಿ ಸಂತೆ. ಹಳ್ಳದ ದಂಡೆಯಲ್ಲಿ ಗೌಸುದ್ದೀನ ಸಾಹೇಬರು ಕುರ್ಚಿ ಹಾಕಿಸಿ ಕೂತಿದ್ದರು. ದನಗಳು ಒಂದೊಂದಾಗಿ ಅವರ ಮುಂದೆ ಹಾಯುತ್ತಿದ್ದವು. ಹಳೆಯ ಬಿಲ್ಲೆಯ ಎತ್ತು ಬಂದರೆ ಜವಾನ ಕಿವಿ ಹಿಡಿದು, ಒರೆಸಿ, ಬಿಸಿಲಿಗೆ ತಿರುಗಿಸಿ, ಕೊನೆಗೆ ತಲೆಯಾಡಿಸುತ್ತಿದ್ದ. ಆ ಎತ್ತು ಆಚೆ ದಂಡೆಗೆ ಹೋಗುತ್ತಿತ್ತು. ಹಾವಗೆಪ್ಪ ಸಾಹೇಬರ ಕುರ್ಚಿಯ ಹಿಂದೆ ನಿಂತಿದ್ದ. ಮೆಹಕರದವರು ಬರುವುದು ಕಂಡಾಗ ಅವನು ನೆಲ ನೋಡಿದ.

“ನಿಂದ್ರಸು, ಕಿವಿ ಹಿಡೀಬ್ಯಾಡ,” ಎಂಬ ಸಾಹೇಬರ ದನಿ ಕೇಳಿತು.

ಅವನು ತಲೆ ಎತ್ತಿದ. ಮಡೆಪ್ಪ ಹಂಡ್ಯಾನ ಹಗ್ಗ ಹಿಡಿದು ಇನ್ನೂ ದೂರದಲ್ಲಿದ್ದ. ಬಿಲ್ಲೆಯ ಮೇಲೆ ಬಿಸಿಲು ಬಿದ್ದಿತ್ತು. ಕಪ್ಪು ತಗ್ಗಿನ ನಡುವೆ ಅಂಕಿಗಳು ಬೆಂಕಿಯ ಗೆರೆಗಳ ಹಾಗೆ ಉರಿಯುತ್ತಿದ್ದವು. ಸಾಹೇಬರು ಕುರ್ಚಿಯಿಂದ ಏಳದೆ, ಅಲ್ಲಿಂದಲೇ, ನಂಬರು ಓದಿದರು. ಒಂದೊಂದೇ ಅಂಕಿ, ಜೋರಾಗಿ. ಜವಾನ ಹತ್ತಿರ ಹೋಗಿ ನೋಡಿ ಅದನ್ನೇ ಹೇಳಿದ. ಹಿಂದಿನಿಂದ ಬಂದ ಕೇಶರಬಾಯಿಯ ಎತ್ತಿನದನ್ನೂ ಸಾಹೇಬರು ಕೂತಲ್ಲಿಂದಲೇ ಓದಿದರು.

“ಹಾವಗೆಪ್ಪ, ಇಷ್ಟ ದೂರದಿಂದ ನಾ ಮಶಿನ್ನಿನ ಬಿಲ್ಲಿನೂ ಓದಿಲ್ಲ,” ಎಂದು ಸಾಹೇಬರು ತಿರುಗಿದರು. “ಔರಾದಕ್ಕೂ ಇವನ್ನೇ ಹಾಕೋಣ. ಆದರ ಅಲ್ಲಿ ಆಕಳ ಬಿಲ್ಲಿ ತಿಕ್ಕೋರು ಯಾರು? ತಿಕ್ಕದಿದ್ದರ ಹಿಂಗ ಹೊಳೆಯಂಗಿಲ್ಲಲ್ಲ?”

“ಈಗ ಹೊಡಸರಿ ಸಾಹೇಬ್ರ ಡಂಗುರಾ,” ಎಂದ ಹಾವಗೆಪ್ಪ. ಕೈ ತಾನಾಗಿಯೇ ಮೀಸೆಗೆ ಹೋಗಿತ್ತು. “ಬಿಲ್ಲಿ ತಿಕ್ಕದಿದ್ದರ ದಂಡ ಅಂತ!”

ಹಂಡ್ಯಾನೂ ಕೇಶರಬಾಯಿಯ ಎತ್ತೂ ಸಂತೆಯೊಳಗೆ ಹೋದವು. ಆ ವರ್ಷದಿಂದ ಮುಂದೆ ಭಾಲ್ಕಿ, ಔರಾದ, ಬೀದರ ಮೂರೂ ಕಡೆಯ ದನದ ಕಿವಿಯಲ್ಲಿ ಹಾವಗೆಪ್ಪನ ಮಡಿಕೆ ಬಿಲ್ಲೆಯೇ ತೂಗಿತು. ಗೌಸುದ್ದೀನ ಸಾಹೇಬರಿಗೆ ವರ್ಗವಾಗಿ ಬೇರೆ ಸಲೋತ್ರಿ ಬಂದರೂ ಬಿಲ್ಲೆ ಬದಲಾಗಲಿಲ್ಲ. ಮೆಹಕರದ ಹೆಂಗಸರು ಮಾತ್ರ ಇದನ್ನು ಅವನ ಕೆಲಸವೆಂದು ಒಪ್ಪುತ್ತಿರಲಿಲ್ಲ. “ಅಂವ ಉಬ್ಬಿಸಿದ ಖರೆ, ಓದಾಕ ಬರೋ ಹಂಗ ಮಾಡಿದವರು ನಾವು,” ಎನ್ನುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ, ಹಾವಗೆಪ್ಪನೂ ಅಲ್ಲವೆನ್ನುತ್ತಿರಲಿಲ್ಲ.

ಆ ದೀಪಾವಳಿಗೆ ಅವನು ಸುಮಿತ್ರಾಬಾಯಿಗೆ ಒಂದು ಹಿತ್ತಾಳೆಯ ಕೊಡ ಒಯ್ದು ಕೊಟ್ಟ. ಅದರ ಹೊಟ್ಟೆಯ ಮೇಲೆ ಅವಳ ಹೆಸರು ಕೊರೆದಿರಲಿಲ್ಲ, ಉಬ್ಬಿ ನಿಂತಿತ್ತು. ಕೊಡದೊಳಗೆ ಕೈ ತೂರಿಸಿ, ಒಳಗಿನಿಂದ, ಉಲ್ಟಾ ಹೊಡೆದ ಅಕ್ಷರಗಳು. ಅವಳಿಗೆ ಓದು ಬರುತ್ತಿರಲಿಲ್ಲ. ಅಕ್ಷರಗಳ ಮೇಲೆ ಬೆರಳಾಡಿಸಿ, ಕೊಡವನ್ನು ಸೊಂಟಕ್ಕೆ ಏರಿಸಿಕೊಂಡಳು.

“ಎಲ್ಲಿಗ್ರಿ ಅಕ್ಕಾ? ಈಗಷ್ಟ ತಂದೇನಿ, ಕೂಡರಿ.”

“ಬಾವಿಗೆ,” ಎಂದಳು ಅವಳು, ಹುಣಸೆಹಣ್ಣಿನ ಬುಟ್ಟಿಗೆ ಕೈ ಹಾಕುತ್ತ. “ನೋಡೇ ಬಿಡೋಣು, ನೀ ಗೆಲ್ತಿಯೋ ನಾ ಗೆಲ್ತೇನೋ.”

ಹಾವಗೆಪ್ಪ ಹೊಸ್ತಿಲಲ್ಲಿ ನಿಂತು ಅವಳ ಬೆನ್ನಿಗೆ ಕೂಗಿ ಹೇಳಿದ:

“ಎಷ್ಟ ತಿಕ್ಕತೀರಿ ತಿಕ್ಕರಿ!”